ಏಳನೇ ಗಲ್ಲಿಗೆ ಯಾರ ಹೆಸರು

ಜಾವಾದ ಸೆಮಾರಾಂಗ್ ಪಟ್ಟಣದ ಏಳನೇ ಗಲ್ಲಿಯಲ್ಲಿ ಮುರ್ವತಿಯ ಸಲೂನಿಗೆ ಹೋದ ಹೆಂಗಸರು ತಲೆಯೊಪ್ಪಿಸಿದರೆ ಸಾಲದು, ಕಿವಿಯನ್ನೂ ಒಪ್ಪಿಸಬೇಕಿತ್ತು. ಗಾಯಕಿ ಹರ್ತಿನಿ ಲಾರಸ್ ಎಂದರೆ ಆಕೆಗೆ ಪ್ರಾಣ. ಮೂವತ್ತು ವರ್ಷಗಳಿಂದ ಬೆಳಗಾದರೆ ಅದೇ ಕಂಠ, ಅವೇ ನಿಧಾನ ಲಯದ ಹಳೇ ಕ್ರೊಂಚೊಂಗ್ ಹಾಡುಗಳು. ಗಲ್ಲಿಯ ತಿರುವಿನಲ್ಲಿ ಮಾಂಸದುಂಡೆಯ ಸಾರು ಮಾರುವ ಪೊನಿಜನ್‌ಗಾದರೋ, ಕುಣಿಸುವ ದಂಗ್ದುತ್ ಹಾಡುಗಳ ಇಡಾ ರೆಂಬುಲನ್ ಬಿಟ್ಟರೆ ಜಾವಾದಲ್ಲಿ ಗಾಯಕಿಯೇ ಹುಟ್ಟಿರಲಿಲ್ಲ.

"ಅದು ಹಾಡಾ? ಸೊಂಟಕ್ಕೆ ಕೊಡೋ ಕಸರತ್ತು!" ಎಂದು ಈಕೆ.

"ನಿಮ್ಮೋಳ ಹಾಡಿಗೆ ನನ್ನ ಸಾರೂ ತೂಕಡಿಸ್ತದೆ ಬು," ಎಂದು ಆತ. ಬು ಅಂದರೆ ಅಲ್ಲಿ ಅಮ್ಮಾ ಎಂದಂತೆ.

ಆದರೆ ಮುರ್ವತಿಯ ಹೊಟ್ಟೆ ಹೊರೆದದ್ದು ಲಾರಸ್ ಅಲ್ಲ. ಬಂದ ಹತ್ತರಲ್ಲಿ ಎಂಟು ಮಂದಿ ಹಣೆ ಮುಟ್ಟಿ, "ರೆಂಬುಲನ್ ತರ ಮುಂಗುರುಳು ಮಾಡಿ," ಎನ್ನುತ್ತಿದ್ದರು. ಮುರ್ವತಿ ಲಾರಸ್‌ಳ ಹಾಡನ್ನು ಇನ್ನಷ್ಟು ಜೋರು ಮಾಡಿ, ಹಲ್ಲು ಕಚ್ಚಿ, ರೆಂಬುಲನ್‌ಳ ಮುಂಗುರುಳನ್ನು ಕತ್ತರಿಸುತ್ತಿದ್ದಳು.

ಗಲ್ಲಿಗಳಿಗೆ ಕಲಾವಿದರ ಹೆಸರಿಡುತ್ತೇವೆಂದು ಲೂರಾ, ಅಂದರೆ ಬಡಾವಣೆಯ ಮುಖ್ಯಸ್ಥ, ಸಭೆ ಕರೆದ. ನಾಡಿನ ಮೇಲೆ ಯಾರ ಪ್ರಭಾವ ಹೆಚ್ಚೋ ಅವರ ಹೆಸರು ಎಂದ. ಮುರ್ವತಿ ಶಾಲೆಗೆ ಹೋಗಿ, ಲಾರಸ್ ಹೆಸರಿನ ಹದಿನಾಲ್ಕು ಹುಡುಗಿಯರ ಪಟ್ಟಿ ತಂದಿದ್ದಳು.

"ಅಯ್ಯೋ, ಅದು ನಮ್ಮ ಸೂಲಗಿತ್ತಿ ಹೆಸರಲ್ವೇ? ಅವರ ಕೈಲಿ ಹುಟ್ಟಿದವು ಅವೆಲ್ಲ," ಎಂದಳೊಬ್ಬ ಮುದುಕಿ. ಸಭೆ ಗೊಳ್ಳೆಂದಿತು.

ಪೊನಿಜನ್ ಎದ್ದ. "ಒಂದೇ ಮಾತು ಬು, ದೇವರ ಮೇಲೆ ಆಣೆ ಇಟ್ಟು ಹೇಳಿ. ನಿಮ್ಮ ಕತ್ತರಿ ಯಾರ ಮುಂಗುರುಳು ಜಾಸ್ತಿ ಕತ್ತರಿಸಿದೆ?"

ಅಲ್ಲಿ ಕೂತ ಹೆಂಗಸರ ಹಣೆಗಳೇ ಸಾಕ್ಷಿ. ಮುರ್ವತಿಯ ಮುಖ ಕೆಂಪಾಯಿತು. "ಸುಳ್ಳು ಹೇಳಲ್ಲ. ನಿಮ್ಮೋಳದ್ದೇ," ಎಂದು ಕುಸಿದು ಕೂತಳು.

ಪೊನಿಜನ್ ಎದೆಯುಬ್ಬಿಸಿದ. ಅಷ್ಟರಲ್ಲಿ ಗುಮಾಸ್ತ ಕಾಗದ ತಿರುವಿ ಕೆಮ್ಮಿದ: "ನಿಯಮ ಇದೆ. ತೀರಿಕೊಂಡವರ ಹೆಸರು ಮಾತ್ರ ಇಡಬಹುದು. ಇಬ್ಬರಲ್ಲಿ ಯಾರಾದ್ರೂ...?"

ಇಬ್ಬರು ಗಾಯಕಿಯರೂ ಎಂಬತ್ತರ ಹತ್ತಿರ, ಗಟ್ಟಿಮುಟ್ಟಾಗಿದ್ದರು.

"ಕಾಯೋದಾದ್ರೆ ಕಾಯಬಹುದು," ಎಂದ ಲೂರಾ. "ಮೊದಲು ಹೋದೋರಿಗೆ ಗಲ್ಲಿ."

ಪೊನಿಜನ್ ತಟ್ಟನೆ ಮುರ್ವತಿಯತ್ತ ತಿರುಗಿ ಕೈಮುಗಿದ. "ಹಾಗಾದ್ರೆ ಆ ಮರ್ಯಾದೆ ನಿಮ್ಮೋರಿಗೇ ಇರಲಿ ಬು. ಹಿರಿಯರು."

"ನಿಮ್ಮ ಬಾಯಿಗೆ ಮಣ್ಣು ಹಾಕ!" ಮುರ್ವತಿ ಎದ್ದೇ ನಿಂತಳು. "ಪ್ರಭಾವ ನಿಮ್ಮೋಳದ್ದೇ ಅಂತ ಈಗಷ್ಟೇ ಒಪ್ಪಿಸಿದ್ರಲ್ಲ! ನನ್ನೋಳದೇನಿದೆ? ಹತ್ತು ಜನ ಕೇಳಿದ್ರೆ ಹೆಚ್ಚು."

"ಹಾಗನ್ಬೇಡಿ! ಎಂಥಾ ಕಂಠ ಅದು, ಬಂಗಾರ!"

ಮೂವತ್ತು ವರ್ಷದಲ್ಲಿ ಮೊದಲ ಸಲ ಇಬ್ಬರೂ ಎದುರಾಳಿಯ ಗಾಯಕಿಯನ್ನು ಅಟ್ಟಕ್ಕೇರಿಸತೊಡಗಿದರು. ಅರ್ಧ ಗಂಟೆ ಕಳೆದರೂ ಯಾರೂ ಬಗ್ಗಲಿಲ್ಲ. ಬೇಸತ್ತ ಲೂರಾ ಮಲ್ಲಿಗೆ ಗಲ್ಲಿಯೆಂದು ಬರೆದುಕೊಂಡ. ಇಬ್ಬರೂ ನಾ ಮುಂದು ತಾ ಮುಂದು ಎಂದು ಸಹಿ ಹಾಕಿದರು.

ಮನೆಗೆ ನಡೆಯುವಾಗ ಮುರ್ವತಿಗೆ ಸೋತ ಸಂಕಟವಿರಲಿಲ್ಲ. ಸದ್ಯ, ಗೆಲ್ಲಲಿಲ್ಲವಲ್ಲ ಎಂಬ ಸಮಾಧಾನವಿತ್ತು.