ಬಾರದ ಸಂಜೆಯ ಜ್ವರ

ಮಧ್ಯಾಹ್ನ ಎರಡು ಗಂಟೆ. ಇಂಡಿ ಪಟ್ಟಣದ ಆಸ್ಪತ್ರೆಯ ಮಂಚದ ಮೇಲೆ ಅವ್ವ ಎರಡು ಕೌದಿ ಹೊದ್ದರೂ ಗಡಗಡ ನಡುಗುತ್ತಿದ್ದಳು. ನರ್ಸ್ ಬಳಿ ಓಡಿದೆ. ಅವರು ಕೈಯಲ್ಲಿದ್ದ ಟ್ಯಾಬ್ ನೋಡಿ, “ನಿಮ್ಮ ಅವ್ವಗ ಜ್ವರ ಇಲ್ರಿ, ನಾರ್ಮಲ್ ಐತಿ” ಅಂದರು.

ನಾನೂ ಇಣುಕಿದೆ. ಬೆಳಗಿನ ಜ್ವರ ನಾರ್ಮಲ್, ಮಧ್ಯಾಹ್ನದ್ದು ನಾರ್ಮಲ್, ಸಂಜೆ ಆರು ಗಂಟೆಯದೂ ನಾರ್ಮಲ್!

“ಸಂಜಿ ಇನ್ನೂ ಆಗೇ ಇಲ್ಲಲ್ರೀ ಸಿಸ್ಟರ್!” ಎಂದು ಕಿರುಚಿದೆ.

“ಸಂಜಿಗೆ ಇಲ್ಲಿ ನೆಟ್ ಇರಂಗಿಲ್ರಿ. ಅದಕ್ಕ ಮುಂಜಾನೆನ ಎಲ್ಲಾರದೂ ತುಂಬಿಬಿಡ್ತೇವಿ. ಖಾಲಿ ಬಿಟ್ರ ಮ್ಯಾಲಿನವ್ರು ನೋಟಿಸ್ ಕೊಡ್ತಾರ.”

ನನ್ನ ಮೈಯೆಲ್ಲ ಉರಿದುಹೋಯಿತು. ಜ್ವರಕ್ಕಿಂತ ನೋಟಿಸೇ ದೊಡ್ಡದಾಯಿತೇ? ಟ್ಯಾಬ್ ಅಲ್ಲೇ ಇಡಿಸಿ, ಅವರನ್ನು ಮಂಚದ ತನಕ ಕರೆತಂದೆ. ಅವ್ವನ ಹಣೆ ಮುಟ್ಟಿದವರೇ ಸರ್ರನೆ ಕೈ ಹಿಂತೆಗೆದು, ಡಾಕ್ಟರನ್ನು ಕರೆಯಲು ಓಡಿದರು.

ಅವ್ವ ಹುಷಾರಾಗಿ ನಮ್ಮೂರು ಹೊರ್ತಿಯ ಮನೆಗೆ ಬಂದಿದ್ದಾಳೆ, ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ಕಳಿಸುವಾಗ ಆಸ್ಪತ್ರೆಯವರು ಕೊಟ್ಟ ಕಂಪ್ಯೂಟರ್ ಹಾಳೆಯನ್ನು ತಿರುತಿರುಗಿ ಓದುತ್ತೇನೆ. ಅದರ ಪ್ರಕಾರ ಆ ದಿನ ಅವ್ವನಿಗೆ ಜ್ವರವೇ ಬಂದಿಲ್ಲ.