ಹುಲ್ಲಿನ ಮೇಲೆ ಮಲಗಿಸಿದ ಮಗು

ಕೊಳ್ಳೇಗಾಲ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ವರ್ಷವೇ ನನ್ನ ಮದುವೆಯಾಯಿತು. ನನ್ನ ತವರು ಯಳಂದೂರು ಮೊದಲಿಂದಲೂ ಮೈಸೂರಿನದು. ಬೇರೆ ರಾಜ್ಯಕ್ಕೆ ಹೆಣ್ಣು ಕೊಡುವುದೋ ಬೇಡವೋ ಎಂದು ನಮ್ಮಪ್ಪ ಮೀನಮೇಷ ಎಣಿಸುತ್ತಾ ಕೂತಿದ್ದಾಗ ನಡುವಿನ ಗಡಿಯೇ ಎದ್ದು ಆಚೆ ಹೋಯಿತು. ಮುಂದೆ ಯುರೋಪಿನ ರೈಲುಗಳಲ್ಲಿ ದೇಶ ಬದಲಾದಾಗಲೆಲ್ಲ ಟೋಪಿ ಹಾಕಿದವರು ಬಂದು ಪಾಸ್‌ಪೋರ್ಟ್ ಕೇಳಿದರೆ ನನಗೆ ಅಪ್ಪನ ಮುಖ ನೆನಪಾಗಿ ನಗು ಬರುತ್ತಿತ್ತು. ಇವರು ಮೊಣಕೈಯಲ್ಲಿ ತಿವಿದು, "ನಗ್ಬ್ಯಾಡ ಕಣೆ, ಇಳ್ಸ್‌ಬುಟ್ಟಾರು" ಅನ್ನುತ್ತಿದ್ದರು.

ಇವರು ರೇಷ್ಮೆ ಸೀರೆ ನೇಯುವ ಮನೆಯ ಹಿರಿಯ ಮಗ. ಮಗ್ಗದ ಗುಂಡಿಯಲ್ಲಿ ಕೂರುವುದನ್ನು ಬಿಟ್ಟು ನೂಲು ಹುರಿ ಮಾಡುವ ಯಂತ್ರದ ಕೆಲಸ ಕಲಿತು ಸರ್ಕಾರಿ ನೌಕರಿ ಹಿಡಿದಿದ್ದರು. ಅರವತ್ತರ ದಶಕದಲ್ಲಿ ಇಲಾಖೆಯವರು ಇವರನ್ನು ತರಬೇತಿಗೆಂದು ಇಟಲಿಯ ಕೋಮೋ ಎಂಬ ಊರಿಗೆ ಕಳಿಸಿದರು. ಅದೂ ರೇಷ್ಮೆಯೂರೇ. ಕೊಳ್ಳೇಗಾಲದಂತೆ ಅಲ್ಲೂ ಬೀದಿ ಬೀದಿಯಲ್ಲಿ ಮಗ್ಗದ ಸದ್ದು. ಜೊತೆಗೆ ಒಂದು ದೊಡ್ಡ ಸರೋವರ, ಅದರ ಸುತ್ತ ಬೆಟ್ಟ, ಬೆಟ್ಟದ ತಲೆಯ ಮೇಲೆ ಹಿಮ. ಮೂರು ವರ್ಷ ಅಲ್ಲಿದ್ದೆವು. ಈಗಲೂ ಯಾರಾದರೂ ಮನೆಗೆ ಬಂದರೆ ಪ್ಯಾರಿಸ್ಸಿನ ಗೋಪುರ ಹೇಗಿತ್ತು, ಹಡಗಿನಲ್ಲಿ ವಾಂತಿಯಾಯಿತಾ ಎಂದು ಕೇಳುತ್ತಾರೆ. ಹೇಳುತ್ತೇನೆ. ಆದರೆ ಆ ಮೂರು ವರ್ಷದಿಂದ ನಾನು ತಂದ ದೊಡ್ಡ ಸಾಮಾನು ಗೋಪುರವಲ್ಲ, ಒಬ್ಬ ಮುದುಕಿಯ ಒಂದು ಮಾತು. ಅದನ್ನು ಹೇಳಬೇಕಾದರೆ ಕೊಳ್ಳೇಗಾಲದ ನಮ್ಮ ಅಡಿಗೆಮನೆಯಿಂದಲೇ ಶುರುಮಾಡಬೇಕು.

ಮದುವೆಯಾಗಿ ಏಳೆಂಟು ವರ್ಷ ಕಳೆದರೂ ನನ್ನ ಮಡಿಲು ತುಂಬಿರಲಿಲ್ಲ. ಹರಕೆ, ವ್ರತ, ಮೈಸೂರಿನ ಆಸ್ಪತ್ರೆ, ಎಲ್ಲ ಮುಗಿದಿತ್ತು. ಹನೂರಿಗೆ ಕೊಟ್ಟಿದ್ದ ನಾದಿನಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಆ ಬಾಣಂತನದ ಚಾಕರಿಯೆಲ್ಲ ನನ್ನದೇ. ಮಗುವಿಗೆ ಎಣ್ಣೆ ತಿಕ್ಕಿ ಎರೆದವಳು ನಾನು, ಸೀರೆ ತುಂಡುಗಳನ್ನು ಕೂಡಿಸಿ ಪುಟ್ಟ ಕೌದಿ ಹೊಲಿದವಳೂ ನಾನು. ತೊಟ್ಟಿಲ ಶಾಸ್ತ್ರದ ದಿನ ಬೀದಿಯ ಮುತ್ತೈದೆಯರೆಲ್ಲ ಬಂದು, ಮಗುವನ್ನು ತೊಟ್ಟಿಲ ಕೆಳಗಿಂದ ಮೇಲಿಂದ ಕೈಯಿಂದ ಕೈಗೆ ದಾಟಿಸಲು ಸುತ್ತ ನಿಂತರು. ನಾನೂ ಹೋಗಿ ನಿಂತೆ. ಎದುರುಮನೆಯ ದೊಡ್ಡವ್ವ, ಎಲ್ಲ ಶಾಸ್ತ್ರಕ್ಕೂ ಯಜಮಾನಿಕೆ ಮಾಡುವ ಹೆಂಗಸು, ನನ್ನ ಕಡೆ ನೋಡಿ, "ನೀನು ಒಳೀಕ್ ಓಗವ್ವ, ಪಾಯ್ಸ ತಳ ಇಡ್ದದು" ಅಂದರು.

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನನ್ನ ಬಾಯಿ ಅಷ್ಟೇನೂ ಸಣ್ಣದಲ್ಲ. ಆದರೆ ಮೆತ್ತಗೆ ಹೇಳಿದರು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ತೊಟ್ಟಿಲ ಹೂವು ಸರಿಮಾಡುತ್ತಿದ್ದರು, ತಲೆ ಎತ್ತಲಿಲ್ಲ. ಒಳಗೆ ಹೋಗಿ ಪಾಯಸ ತಿರುವುತ್ತಾ ಜೋಗುಳ ಕೇಳಿಸಿಕೊಂಡೆ. ದೊಡ್ಡವ್ವನ ಮಾತನ್ನು ಮರೆಯಬಹುದಿತ್ತು. ಅತ್ತೆ ತಲೆ ಎತ್ತದೇ ಇದ್ದದ್ದು ಮುಳ್ಳಿನ ಹಾಗೆ ಒಳಗೇ ಉಳಿಯಿತು.

ಅದಾದ ಮೇಲೆ ಹಡಗು ಹತ್ತಿದಾಗ ನನಗೆ ದೇಶ ನೋಡುವ ಆಸೆಗಿಂತ ಊರು ಬಿಡುವ ಆಸೆಯೇ ಹೆಚ್ಚಾಗಿತ್ತು ಅಂದರೆ ಸುಳ್ಳಲ್ಲ.

ಕೋಮೋದಲ್ಲಿ ಒಬ್ಬ ವಿಧವೆ ಅಜ್ಜಿಯ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಆಕೆಯನ್ನು ನಾನು ಅಜ್ಜಿ ಎಂದೇ ಕರೆಯುತ್ತಿದ್ದೆ, ಆಕೆಯೂ ಅದನ್ನೇ ತನ್ನ ಹೆಸರೆಂಬಂತೆ ಓಗೊಡುತ್ತಿದ್ದಳು. ಕೊಳ್ಳೇಗಾಲದಲ್ಲಿ ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ತರಕಾರಿ ಚೌಕಾಸಿ ಮಾಡಿ ಪಳಗಿದ್ದ ನನಗೆ ಇನ್ನೊಂದು ಭಾಷೆಯ ಸಂತೆಮಾತು ಕಲಿಯುವುದು ಕಷ್ಟವಾಗಲಿಲ್ಲ. ನಮಗೂ ಆಕೆಗೂ ಇದ್ದ ಒಂದೇ ಜಗಳ ಇಂಗಿನದು. ಒಗ್ಗರಣೆ ಹಾಕಿದ ಕೂಡಲೇ ಕೆಳಗಿನಿಂದ ಪೊರಕೆ ಕೋಲಿನಲ್ಲಿ ಚಾವಣಿ ಕುಟ್ಟುತ್ತಿದ್ದಳು. ಆಮೇಲೆ ಅದೇ ಸಾರಿಗೆ ಬಟ್ಟಲು ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದಳು.

ರಜೆ ಸಿಕ್ಕಾಗಲೆಲ್ಲ ಊರು ನೋಡಲು ಹೊರಡುತ್ತಿದ್ದೆವು. ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು ರೋಮ್, ವೆನಿಸ್, ಪ್ಯಾರಿಸ್, ಸ್ವಿಟ್ಜರ್ಲೆಂಡಿನ ಬೆಟ್ಟ. ಇವರಿಗೆ ಊರು ತೋರಿಸುವುದು ದಂಡ. ಪ್ಯಾರಿಸ್ಸಿನ ಗೋಪುರದ ಬುಡದಲ್ಲಿ ನಿಂತು, "ಇಷ್ಟು ಕಬ್ಣದಲ್ಲಿ ನಮ್ ತಾಲೂಕ್ಗೆಲ್ಲ ಹುರಿ ಮಿಷಿನ್ ಮಾಡ್ಕೊಡ್ಬೋದಿತ್ತು" ಅಂದರು. ಅಷ್ಟೇ, ಇಳಿದು ಕಾಫಿ ಹುಡುಕಿಕೊಂಡು ಹೋದೆವು.

ಇನ್ನೊಂದು ಚಾಳಿ ಇತ್ತು. ನೇಯುವ ಮನೆಯವರು ಬಟ್ಟೆಯ ಮುಂಬದಿಯನ್ನು ನಂಬುವುದಿಲ್ಲ. ಮೊದಲು ಹಿಂಬದಿ ತಿರುಗಿಸಿ, ನೂಲು ಹೇಗೆ ಓಡಿದೆ ಎಂದು ನೋಡಿಯೇ ಮಾತಾಡುವುದು. ಚರ್ಚಿಗೆ ಹೋದರೆ ಎಲ್ಲರೂ ಚಾವಣಿಯ ಚಿತ್ರ ನೋಡುತ್ತಿದ್ದರೆ ಇವರು ಪೀಠಕ್ಕೆ ಹೊದಿಸಿದ ಬಟ್ಟೆಯ ಅಂಚು ಮಗುಚಿ ನೋಡುತ್ತಿದ್ದರು. ಒಂದು ವಸ್ತುಸಂಗ್ರಹಾಲಯದಲ್ಲಿ ಗೋಡೆಗೆ ತೂಗುಹಾಕಿದ್ದ ಯಾವುದೋ ರಾಜರ ಕಾಲದ ನೇಯ್ಗೆಯ ಮೂಲೆ ಹಿಡಿದು ತಿರುಗಿಸಿಯೇಬಿಟ್ಟರು. ಕಾವಲುಗಾರ ಓಡಿ ಬಂದು ಕೂಗಾಡಿದ. ಇವರು ಗಾಬರಿಯಲ್ಲಿ ಅಚ್ಚ ಕೊಳ್ಳೇಗಾಲದ ಮಾತಿನಲ್ಲೇ, "ತಿರುಗ್ಸಿ ನೋಡ್ದೆ ಬಟ್ಟೆ ಎಂಗದೆ ಅಂತ ಎಂಗ್ ಗೊತ್ತಾದ್ದು, ಸಾ?" ಅಂದರು. ಅವನಿಗೆ ಏನು ಅರ್ಥವಾಯಿತೋ, ಕೈಯಲ್ಲಿ ಬಾಗಿಲು ತೋರಿಸಿದ. ನಾನು ಆ ದಿನವೆಲ್ಲ ನಕ್ಕೆ.

ನಗದ ದಿನಗಳೂ ಇದ್ದವು. ಆ ದೇಶಗಳಲ್ಲಿ ಎಲ್ಲಿ ಹೋದರೂ ಒಬ್ಬ ತಾಯಿ, ತೊಡೆಯ ಮೇಲೊಂದು ಮಗು. ಚರ್ಚಿನ ಗೋಡೆಯಲ್ಲಿ, ಬೀದಿಯ ತಿರುವಿನ ಗೂಡಿನಲ್ಲಿ, ಅಂಗಡಿಯ ಕಾರ್ಡುಗಳಲ್ಲಿ, ಕಲ್ಲಿನಲ್ಲಿ, ಬಣ್ಣದಲ್ಲಿ, ಬಣ್ಣದ ಗಾಜಿನಲ್ಲಿ. ಇಷ್ಟು ದುಡ್ಡು ಕೊಟ್ಟು ಇಷ್ಟು ದೂರ ಬಂದು ಮತ್ತೆ ಇದನ್ನೇ ನೋಡಬೇಕೇ ಎಂದು ನನಗೆ ರೇಗುತ್ತಿತ್ತು. ವೆನಿಸ್ಸಿನ ಒಂದು ಚರ್ಚಿನಲ್ಲಿ ಅಂಥದ್ದೊಂದು ಚಿತ್ರದ ಮುಂದೆ ನಾನು ಎಷ್ಟು ಹೊತ್ತು ನಿಂತಿದ್ದೆನೋ, ಇವರು ಬಂದು ಸೆರಗು ಎಳೆದು, "ಬಾ ಇಲ್ಲಿ, ಈ ಪರದೆ ಅಂಚು ನೋಡು, ನಮ್ಮವ್ವ ಇದ್ಕಿಂತ ಚೆಂದಾಗಿ ಕಟ್ತಿದ್ಲು" ಅಂದರು. ಆಗ ನನಗೆ ಹೊಳೆಯಿತು. ಪ್ರತಿ ಚರ್ಚಿನಲ್ಲೂ ಇವರು ನನ್ನನ್ನು ಬಟ್ಟೆಯ ಹತ್ತಿರಕ್ಕೆ ಕರೆಯುತ್ತಿದ್ದದ್ದು ಆ ಚಿತ್ರಗಳ ಮುಂದಿನಿಂದಲೇ. ಬಾಯಿ ಬಿಟ್ಟು ಸಮಾಧಾನ ಹೇಳಲು ಬಾರದ ಗಂಡಸು, ಹತ್ತಾರು ಊರಿನ ಪರದೆಗಳನ್ನೆಲ್ಲ ನನಗಾಗಿ ಮಗುಚಿದ್ದರು. ಇವತ್ತಿಗೂ ಅದನ್ನು ನೆನೆದರೆ ನನ್ನ ಎದೆ ತುಂಬುತ್ತದೆ.

ಎರಡನೆಯ ವರ್ಷದ ಡಿಸೆಂಬರ್. ಅಂಗಡಿಗಳಿಗೆಲ್ಲ ದೀಪ, ಬೀದಿಯಲ್ಲಿ ಸುಟ್ಟ ಚೆಸ್ಟ್‌ನಟ್ ಕಾಯಿಗಳ ವಾಸನೆ. ಅಜ್ಜಿ ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿಕೊಂಡಳು. ಒಳಗೆ ಹಳೆಯ ಬಟ್ಟೆಯಲ್ಲಿ ಸುತ್ತಿದ ಮಣ್ಣಿನ ಗೊಂಬೆಗಳು: ಕುರುಬರು, ಅಗಸಗಿತ್ತಿ, ಕತ್ತೆ, ಎತ್ತು. ಮೇಜಿನ ಮೇಲೆ ಕಾಗದ ಮುದುರಿ ಬೆಟ್ಟ ಮಾಡಿ, ಪಾಚಿ ಹಾಸಿ, ಒಡೆದ ಕನ್ನಡಿಯನ್ನು ಕೆರೆ ಮಾಡಿ ಗೊಂಬೆಗಳನ್ನು ಜೋಡಿಸತೊಡಗಿದಳು. ನನಗೆ ಕುಣಿಯುವಷ್ಟು ಖುಷಿ. ಇದು ನಮ್ಮ ದಸರಾ ಗೊಂಬೆಯೇ! ಯಳಂದೂರಿನಲ್ಲಿ ಅವ್ವ ಹೀಗೇ ಕೂರಿಸುತ್ತಿದ್ದಳು. ಮದುವೆಯಾದ ಮೇಲೆ ಮಗ್ಗದ ಮನೆಯಲ್ಲಿ ಮನುಷ್ಯರು ಕೂರಲೇ ಜಾಗವಿಲ್ಲ, ಗೊಂಬೆ ಎಲ್ಲಿ ಕೂರಿಸುವುದು?

ಓಡಿ ಮಹಡಿಗೆ ಹೋಗಿ, ಊರಿಂದ ತಂದಿದ್ದ ರಾಗಿಯಲ್ಲಿ ಒಂದು ಹಿಡಿ ತಂದು ತಟ್ಟೆಯ ಮಣ್ಣಿನಲ್ಲಿ ಬಿತ್ತಿದೆ. ಗೊಂಬೆಯ ಮುಂದೆ ಪೈರು ಬೆಳೆಸುವುದು ನಮ್ಮ ಕಡೆಯ ಪದ್ಧತಿ. ಚಳಿಗೆ ಮೊಳೆಯಲು ತಡಮಾಡಿತು. ಅಜ್ಜಿ ತಟ್ಟೆಯನ್ನು ಒಲೆಯ ಪಕ್ಕ ಇಟ್ಟುಕೊಂಡು ದಿನವೂ ಕಾದಳು. ಕೊನೆಗೆ ಕುರುಬರ ಹಿಂದೆ ಹಸಿರು ರಾಗಿ ಹೊಲ ಎದ್ದು ನಿಂತಿತು. ಅಕ್ಕಪಕ್ಕದವರೆಲ್ಲ ಬಂದು ನೋಡಿ ಹೋದರು.

ಒಂದೇ ಒಂದು ಕೊರತೆ ಕಾಣಿಸುತ್ತಿತ್ತು. ಗೊಂಬೆಗಳ ನಡುವಿನ ಪುಟ್ಟ ಕೊಟ್ಟಿಗೆಯಲ್ಲಿ ಚರ್ಚುಗಳ ಅದೇ ತಾಯಿ ಇದ್ದಳು, ತಂದೆ ಇದ್ದ, ನಡುವೆ ಹುಲ್ಲು ಹಾಸಿದ ಗೋದಲಿ ಖಾಲಿ. ಮಗು ಕಳೆದುಹೋಗಿದೆಯೇ ಎಂದು ಕೇಳಿದೆ. ಇಲ್ಲ, ಹಬ್ಬದ ಹಿಂದಿನ ಸಂಜೆ ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರು ಅದನ್ನು ತಂದು ಮಲಗಿಸಬೇಕು, ಅಲ್ಲಿಯವರೆಗೆ ಕಾಯಬೇಕು ಎಂದಳು. ಪ್ರತಿವರ್ಷ ಮೊಮ್ಮಕ್ಕಳು ಬಂದು ಮಲಗಿಸುತ್ತಿದ್ದರಂತೆ. ಆ ವರ್ಷ ಅವರಿಗೆ ದಡಾರ ಎದ್ದು ಬರಲಾಗಲಿಲ್ಲ.

ಆ ಸಂಜೆ ನಾನು ಒಬ್ಬಟ್ಟು ಮಾಡಿ ತಟ್ಟೆ ಹಿಡಿದು ಇವರ ಜೊತೆ ಕೆಳಗಿಳಿದೆ. ಅಜ್ಜಿ ಮೇಣದ ಬತ್ತಿ ಹಚ್ಚಿ, ಬಿಳಿ ಬಟ್ಟೆಯೊಳಗಿಂದ ಹೆಬ್ಬೆರಳಿಗಿಂತ ತುಸು ದೊಡ್ಡದಾದ ಮಣ್ಣಿನ ಮಗುವನ್ನು ತೆಗೆದು ನನ್ನ ಕಡೆ ಚಾಚಿದಳು. ಈ ಮನೆಯಲ್ಲಿ ಈಗ ನೀನೇ ಚಿಕ್ಕವಳು, ಮಲಗಿಸು ಅಂದಳು.

ನನ್ನ ಕೈ ತಾನಾಗಿ ಬೆನ್ನ ಹಿಂದೆ ಹೋಯಿತು. ಹಿಂದಕ್ಕೆ ಸರಿದೆ. ಅಡಿಗೆಮನೆ ಯಾವ ಕಡೆ ಇದೆ ಎಂದು ಕಣ್ಣು ಹುಡುಕಿತು ಅಂದರೆ ನೀವು ನಂಬುವುದಿಲ್ಲ. "ನಂಗೆ ಮಕ್ಕಳಿಲ್ಲ, ನಾನು ಮುಟ್ಟಬಾರದು ಅಂತ ಹೇಳಿ" ಎಂದು ಇವರಿಗೆ ಹೇಳಿದೆ. ಇವರು ನೆಲ ನೋಡುತ್ತಾ ನಿಂತರು. ಅಜ್ಜಿ ಕೇಳಿ ಕೇಳಿ ಒತ್ತಾಯ ಮಾಡಿದ ಮೇಲೆ ತಡವರಿಸುತ್ತಾ ಹೇಳಿದರು. ಅಜ್ಜಿ ಎರಡು ಸಲ ಹೇಳಿಸಿಕೊಂಡಳು. ಆಮೇಲೆ ಸಿಟ್ಟಿನಿಂದಲೇ, ನನಗೂ ಅರ್ಥವಾಗುವಷ್ಟು ನಿಧಾನವಾಗಿ ಕೇಳಿದಳು:

"ಅವಳಿಗೆ ಕೈ ಇಲ್ಲವೇ?"

ಬಂದು ನನ್ನ ಕೈ ಎಳೆದು, ಎರಡನ್ನೂ ತನ್ನ ಅಂಗೈ ನಡುವೆ ಉಜ್ಜಿದಳು. ಬೆಚ್ಚಗಾಗಲಿ, ಚಳಿಯಲ್ಲಿ ಹುಟ್ಟುವ ಮಗು ಅಂದಳು. ಮಗುವನ್ನು ನನ್ನ ಅಂಗೈಯಲ್ಲಿಟ್ಟಳು. ನಾನು ಬಗ್ಗಿ, ನನ್ನ ರಾಗಿ ಹೊಲದ ಪಕ್ಕ, ಆ ಹುಲ್ಲಿನ ಮೇಲೆ ಮಲಗಿಸಿದೆ. ಕತ್ತು ನೋಯಬಾರದೆಂದು ತಲೆಯ ಕೆಳಗೆ ಬೆರಳು ಕೊಟ್ಟಿದ್ದೆನಂತೆ, ಇವರು ಆಮೇಲೆ ಹೇಳಿದರು. ನನಗೆ ಗೊತ್ತಿಲ್ಲ. ಗಳಗಳ ಅಳುತ್ತಿದ್ದೆ. ಅಜ್ಜಿ ಏನೂ ಆಗದವಳಂತೆ ಕೂತು ಒಬ್ಬಟ್ಟು ಮುರಿದುಕೊಂಡು, ಇದರಲ್ಲಿ ಇಂಗು ಇಲ್ಲವಲ್ಲ, ದೇವರು ದೊಡ್ಡವನು ಅಂದಳು.

ಮೂರು ವರ್ಷ ಮುಗಿಸಿಕೊಂಡು ಊರಿಗೆ ಬಂದೆವು. ಸಂಜೆ ಹೊತ್ತು ಅತ್ತೆ ರಾಟೆ ಮುಂದೆ ಕೂತು ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಸುತ್ತುತ್ತಿದ್ದರೆ ಬೀದಿಯ ಹೆಂಗಸರು ಸುತ್ತ ಕೂತು ನನ್ನಿಂದ ದೇಶದ ಕತೆ ಹೇಳಿಸುತ್ತಿದ್ದರು. ವೆನಿಸ್ಸಿನಲ್ಲಿ ಬೀದಿಯೆಲ್ಲ ನೀರು ಎಂದು ಕೇಳಿ ಅತ್ತೆಗೆ ಬಹಳ ಚಿಂತೆಯಾಯಿತು. "ಅಂಗಾರೆ ಬಾಗ್ಲಿಗೆ ರಂಗೋಲೆ ಎಲ್ಲಿ ಬುಟ್ಟಾರವ್ವ?" ಅಂದರು. ಒಂದು ಸಂಜೆ ಬೇರೆ ಯಾರೂ ಇರಲಿಲ್ಲ. ಏನು ತೋಚಿತೋ, ಅಜ್ಜಿಯ ಗೊಂಬೆಯ ಕತೆಯನ್ನು ಅತ್ತೆಗೆ ಪೂರ್ತಿ ಹೇಳಿದೆ. ಕೈ ಹಿಂದಕ್ಕೆಳೆದುಕೊಂಡದ್ದು, ಅಜ್ಜಿ ಕೇಳಿದ್ದು, ಉಜ್ಜಿದ್ದು, ಎಲ್ಲ. ಚುಚ್ಚಬೇಕೆಂದೇ ಹೇಳಿದೆನೋ ಏನೋ. ರಾಟೆ ಒಂದು ಗಳಿಗೆ ನಿಂತಿತು. ನಾನು ಕಾದೆ. ಅತ್ತೆ ಎಳೆ ಹುಡುಕಿ ಗಂಟು ಹಾಕಿ ಮತ್ತೆ ತಿರುಗಿಸಿದರು. ಇವರೆಲ್ಲ ಬದಲಾಗುವ ಪೈಕಿಯಲ್ಲ ಎಂದುಕೊಂಡು ದೀಪ ಹಚ್ಚಲು ಎದ್ದು ಹೋದೆ.

ಮಾರನೆಯ ವರ್ಷ ನಾದಿನಿ ಎರಡನೆಯ ಹೆರಿಗೆಗೂ ತವರೇ ಆಗಬೇಕೆಂದು ಹಟ ಹಿಡಿದು ಹನೂರಿನ ಬಸ್ಸಿನಲ್ಲಿ ಬಂದಿಳಿದಳು. ಹೆಣ್ಣು ಮಗು. ತೊಟ್ಟಿಲ ಶಾಸ್ತ್ರದ ದಿನ ನಾನು ಯಾರಿಂದಲೂ ಹೇಳಿಸಿಕೊಳ್ಳುವುದು ಬೇಡವೆಂದು ಮೊದಲೇ ಅಡಿಗೆಮನೆ ಸೇರಿ ಪಾಯಸದ ಮುಂದೆ ಕೂತುಬಿಟ್ಟೆ. ಹೊರಗೆ ಹೆಂಗಸರ ಸದ್ದು, ಬಳೆಯ ಸದ್ದು. ಅಷ್ಟರಲ್ಲಿ ಅತ್ತೆಯ ದನಿ.

"ಎಲ್ಲೋದ್ಲು ಸೊಸೆ? ಕರೀರಿ ಅವ್ಳ."

"ಅವ್ಳ್ಯಾಕವ್ವ ಈಗ, ಒಳ್ಗೆ ಕೆಲ್ಸದಲ್ಲವ್ಳೆ, ಇರ್ಲಿ ಬುಡಿ" ಅಂದರು ದೊಡ್ಡವ್ವ, ಅದೇ ಮೆತ್ತನೆ ದನಿಯಲ್ಲಿ.

"ಯಾಕೆ, ಅವ್ಳ್ಗೆ ಕೈ ಇಲ್ವಾ?"

ಸೌಟು ನನ್ನ ಕೈಯಲ್ಲೇ ನಿಂತಿತು. ಅತ್ತೆ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. ನನ್ನ ಮುಖವನ್ನೇ ನೋಡುತ್ತಿದ್ದರು, ಈ ಸಲ ತಲೆ ತಗ್ಗಿಸಿರಲಿಲ್ಲ. "ಎದ್ದು ಬಾರವ್ವ. ಬಿಸ್ನೀರಲ್ಲಿ ಕೈ ತೊಳ್ಕ, ಬೆಚ್ಚಗಿರ್ಲಿ" ಅಂದರು.

ತೊಳೆದುಕೊಂಡು ಹೋದೆ. ಮಗುವನ್ನು ನನ್ನ ಕೈಗೆ ಕೊಟ್ಟರು. ಮಣ್ಣಿನದಕ್ಕಿಂತ ಎಷ್ಟೋ ಭಾರ, ಎಷ್ಟೋ ಬಿಸಿ. ನಾನು ಹೊಲಿದಿದ್ದ ಹಳೆಯ ಕೌದಿಯ ಮೇಲೆ ಮಲಗಿಸಿದೆ. ಅತ್ತೆ ತೊಟ್ಟಿಲ ಹಗ್ಗವನ್ನು ನನ್ನ ಕೈಗಿಟ್ಟು, ಪಾಯಸ ತಳ ಹಿಡಿದೀತೆಂದು ತಾವೇ ಒಳಗೆ ಹೋದರು.