ಮೈಕಿನ ಮುಂದೆ ಇಂದಿರಾಬಾಯಿ

ನೌಕಾಪಡೆಯಲ್ಲಿ ರಿಯರ್ ಅಡ್ಮಿರಲ್ ಆಗಿದ್ದ ಪ್ರಾಣೇಶನಿಗೆ ೧೯೯೮ರ ಗಣರಾಜ್ಯೋತ್ಸವದಂದು ಅತಿ ವಿಶಿಷ್ಟ ಸೇವಾ ಪದಕ ಘೋಷಣೆಯಾಯಿತು. ಎಷ್ಟೋ ವರ್ಷಗಳ ಮೇಲೆ ಅವನು ಊರಿಗೆ ಬಂದಾಗ ಬಸವನಗುಡಿಯ ಬಡಾವಣೆ ಸಂಘದವರು ಸನ್ಮಾನ ಇಟ್ಟುಕೊಂಡರು. ತಾಯಿ ಇಂದಿರಾಬಾಯಿ ಮುಂದಿನ ಸಾಲಿನಲ್ಲಿ ಕೂತಿದ್ದರು. ವೇದಿಕೆಯ ಮೇಲೆ ಅವರ ಗಂಡ ಗುಂಡಾಚಾರ್ಯರು, "ದೇಶಸೇವೆ ಮಾಡು ಅಂತ ನಾನೇ ಹರಸಿ ಕಳಿಸಿದೆ" ಎಂದು ಭಾಷಣ ಮಾಡುತ್ತಿದ್ದರು.

ಇಂದಿರಾಬಾಯಿಗೆ ಮೈಯೆಲ್ಲ ಉರಿಯಿತು. ಸಮುದ್ರ ದಾಟಿದವನು, ಹಡಗಿನಲ್ಲಿ ಕಂಡಕಂಡದ್ದು ತಿಂದವನು ಎಂದು ಇದೇ ಮನುಷ್ಯ ಮಗನನ್ನು ಹೊಸ್ತಿಲೊಳಗೆ ಬಿಟ್ಟಿರಲಿಲ್ಲ. ರಜೆಗೆ ಬಂದರೆ ಅವನಿಗೆ ಜಗಲಿಯಲ್ಲೇ ಎಲೆ. ಬಡಿಸಿ ಬಂದ ಇಂದಿರಾಬಾಯಿ ತಲೆಗೆ ನೀರು ಹಾಕಿಕೊಂಡೇ ಒಲೆ ಮುಟ್ಟಬೇಕಿತ್ತು. ಕೊನೆಗೆ ಅವನು ಬರುವುದನ್ನೇ ಬಿಟ್ಟ. ಮೊಮ್ಮಗಳ ನಾಮಕರಣಕ್ಕೂ ಆಚಾರ್ಯರು ಹೆಂಡತಿಯನ್ನು ಹೋಗಗೊಡಲಿಲ್ಲ.

"ಅಮ್ಮಾ, ನೀವೂ ಎರಡು ಮಾತಾಡಿ" ಎಂದು ಕಾರ್ಯದರ್ಶಿ ಅವರನ್ನು ವೇದಿಕೆಗೆ ಕರೆದು ಮೈಕು ಕೊಟ್ಟರು.

"ಇವರು ಕಳಿಸ್ಲಿಲ್ಲ," ಎಂದರು ಇಂದಿರಾಬಾಯಿ. "ಅವನು ಹೇಳ್ದೆ ಓಡಿಹೋದ. ವಾಪಸ್ ಬಂದ್ರೆ ಇವರು ಮನೆಗೇ ಸೇರಿಸ್ಲಿಲ್ಲ."

ತಮಾಷೆಯೆಂದುಕೊಂಡು ಸಭೆ ನಕ್ಕಿತು. ಆಚಾರ್ಯರೂ ನಕ್ಕರು. ಪ್ರಾಣೇಶ ಎದ್ದು ಬಂದು, ಮೈಕಿಗೆ ಕೈ ಅಡ್ಡ ಹಿಡಿದು, ಮೆಲ್ಲಗೆ ಅಂದ: "ಯಾಕಮ್ಮಾ ಈಗ ಅದೆಲ್ಲ? ಪಾಪ, ಅಪ್ಪ ಎಷ್ಟು ಖುಷಿಯಾಗಿದಾರೆ ನೋಡು."

ಇಷ್ಟು ವರ್ಷ ಅವನಿಗಾಗಿ ತಾವೊಬ್ಬರೇ ಉರಿದದ್ದು ಅವನಿಗೇ ಬೇಡವಾಗಿತ್ತು. ಇಂದಿರಾಬಾಯಿ ಮೆಟ್ಟಿಲಿಳಿದರು.

"ಅಮ್ಮಾ, ಫೋಟೋಗೆ ಬನ್ನಿ!" ಎಂದು ಯಾರೋ ಕೂಗಿದರು.

"ಅವರಿಬ್ಬರದೇ ತೆಗೀರಿ" ಎಂದು ಅವರು ಚಪ್ಪಲಿ ಹುಡುಕತೊಡಗಿದರು.